ಡೆಮೊದ ಅಪ್ಪ, ಗೇಮಿನ ಅಪ್ಪ

ಐವತ್ತರ ಅಂಚಿಗೆ ಬಂದ ಹೆಂಗಸು, ಅದೂ ಕಾಲೇಜಿನ ಲೈಬ್ರರಿಯಲ್ಲಿ ಕೂತು ದಿನವಿಡೀ ‘ಸದ್ದು, ಸದ್ದು’ ಎಂದು ಮಕ್ಕಳನ್ನು ಗದರುವ ಹೆಂಗಸು, ಮನೆಗೆ ಬಂದು ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ತಿಪಟೂರಿನಂಥ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು ಮರುಕಪಡುತ್ತಾರೆ. ನಮ್ಮ ಬೀದಿಯ ಹೆಂಗಸರು ಸಂಜೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರೆ ಅದು ಸಂಸಾರಸ್ಥರ ಲಕ್ಷಣ. ಅದೇ ಹೊತ್ತಿನಲ್ಲಿ ನಾನು ಕತ್ತಿ ಹಿಡಿದು ಒಬ್ಬ ರಾಕ್ಷಸನನ್ನು ಗುಡ್ಡದ ಮೇಲಕ್ಕೆ ಅಟ್ಟಿಸಿಕೊಂಡು ಹೋದರೆ ‘ಪಾಪ, ಏನು ಚಿಂತೆಯೋ’ ಎನ್ನುತ್ತಾರೆ. ಈ ಚಟ ಅಂಟಿದ್ದು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮನೆಯಲ್ಲಿದ್ದಾಗ. ಓದಲು ಮೈಸೂರಿಗೆ ಹೋದ ಮಗಳು ಬಿಟ್ಟುಹೋಗಿದ್ದ ಗೇಮಿನ ಪೆಟ್ಟಿಗೆಯನ್ನು ಬೇಜಾರಿಗೆ ಟಿ.ವಿ.ಗೆ ಸಿಕ್ಕಿಸಿಕೊಂಡೆ. ಕಾಲು ಕೂಡಿತು, ಚಟ ಬಿಡಲಿಲ್ಲ. ನಮ್ಮವರು ಮೊದಮೊದಲು ಗೊಣಗಿದರು. ಆಮೇಲೆ, ನಾನು ಆಡುವಷ್ಟು ಹೊತ್ತು ಅವರ ತಪ್ಪುಗಳ ಕಡೆ ನನ್ನ ಗಮನ ಹೋಗುವುದಿಲ್ಲ ಎಂಬ ಅನುಕೂಲ ಗೊತ್ತಾದ ಮೇಲೆ, ತಾವೇ ಕಾಫಿ ಮಾಡಿ ತಂದುಕೊಡುವ ಮಟ್ಟಕ್ಕೆ ಬಂದರು.

ಈ ಹವ್ಯಾಸದಿಂದ ನಾನು ಕಲಿತದ್ದು ಒಂದೇ, ‘ಟೆಕ್ ಡೆಮೊ’ ಎಂಬುದನ್ನು ನಂಬಬಾರದು. ಟೆಕ್ ಡೆಮೊ ಎಂದರೆ, ಗೇಮ್ ಮಾಡುವ ಕಂಪನಿಯವರು ‘ನಮ್ಮ ಕಂಪ್ಯೂಟರಿನಲ್ಲಿ ಎಂಥೆಂಥ ಚಿತ್ರ ಮೂಡುತ್ತದೆ ನೋಡಿ’ ಎಂದು ಊರಿಗೆಲ್ಲ ತೋರಿಸಲು ಮಾಡುವ ಪುಟ್ಟ ಚಿತ್ರ. ಅದರಲ್ಲಿ ರಸ್ತೆಯ ಗುಂಡಿಯ ನೀರಿನಲ್ಲಿ ಮೋಡ ತೇಲುತ್ತದೆ. ಮುದುಕಿಯ ಕೆನ್ನೆಯ ಮೇಲಿನ ನವಿರು ಕೂದಲು ಬಿಸಿಲಿಗೆ ಹೊಳೆಯುತ್ತದೆ. ನಾವು ಬಾಯಿ ಬಿಟ್ಟುಕೊಂಡು ನೋಡಿ, ವರ್ಷಗಟ್ಟಲೆ ಕಾಯುತ್ತೇವೆ. ಕೊನೆಗೊಂದು ದಿನ ಗೇಮ್ ಬರುತ್ತದೆ. ನೋಡಿದರೆ ಆ ಗುಂಡಿಯಲ್ಲಿ ಡಾಂಬರು ಚೆಲ್ಲಿದಂತಿರುತ್ತದೆ. ಮುದುಕಿಯ ತಲೆಯ ಮೇಲೆ ಕೂದಲ ಬದಲು ತೆಂಗಿನ ಚಿಪ್ಪು ಕವುಚಿದಂತಿರುತ್ತದೆ. ಕಾರಣ ಇಲ್ಲವೆಂದಲ್ಲ. ಡೆಮೊ ಓಡುವುದು ಕಂಪನಿಯವರ ಏಸಿ ಕೋಣೆಯಲ್ಲಿ, ಬೀರುವಿನಷ್ಟು ದೊಡ್ಡ ಯಂತ್ರದಲ್ಲಿ. ಗೇಮ್ ಓಡಬೇಕಾದ್ದು ನಮ್ಮಂಥವರ ಮನೆಯ ಸ್ಟ್ಯಾಂಡಿನಲ್ಲಿ ಧೂಳು ಕುಡಿಯುತ್ತಾ ಕೂತ ಪೆಟ್ಟಿಗೆಯಲ್ಲಿ. ಡೆಮೊದಲ್ಲಿ ಆಡುವವರು ಯಾರೂ ಇರುವುದಿಲ್ಲ, ಕ್ಯಾಮೆರಾ ತನಗೆ ಹಾಕಿಕೊಟ್ಟ ದಾರಿಯಲ್ಲಿ ಮದುವಣಗಿತ್ತಿಯ ಹಾಗೆ ನಿಧಾನಕ್ಕೆ ಹೋಗುತ್ತದೆ. ಗೇಮಿನಲ್ಲಿ ನಾವು ಹೋರಿಯ ಹಾಗೆ ಎಲ್ಲೆಂದರಲ್ಲಿ ನುಗ್ಗುತ್ತೇವೆ. ಇದನ್ನೆಲ್ಲ ನಮ್ಮವರಿಗೆ ವಿವರಿಸಿದಾಗ ಅವರ ತಲೆಗೆ ಹೋಗಲಿಲ್ಲ. “ನೀವು ನನ್ನ ನೋಡೋಕೆ ಬಂದ ದಿನ ನೆನಪಿದೆಯಾ? ಎರಡು ಚಮಚ ಉಪ್ಪಿಟ್ಟು ತಿಂದು ಸಾಕು ಅಂದ್ರಿ. ಹುಡುಗಿ ಕೆಲಸಕ್ಕೆ ಹೋಗೋದಾದ್ರೆ ಹೋಗಲಿ, ಮನೆ ಕೆಲಸ ಹಂಚ್ಕೊಳ್ಳೋಣ ಅಂದ್ರಿ. ದನಿ ಎಷ್ಟು ಮೆತ್ತಗಿತ್ತು! ಅದು ಡೆಮೊ” ಎಂದೆ. ಅವರು ಪೇಪರಿನಿಂದ ತಲೆ ಎತ್ತದೆ, “ಅವತ್ತು ನಿಮ್ಮ ಕಡೆಯೋರು ಹುಡುಗಿಗೆ ಅಡುಗೆ ಬತ್ತದೆ ಅಂದಿದ್ರು ಕಣೇ” ಎಂದರು. ಅರ್ಥವಾಗಿತ್ತು ಅಂತ ಕಾಣುತ್ತದೆ.

ಇಷ್ಟೆಲ್ಲ ತಿಳಿದಿದ್ದ ನಾನೇ ಒಂದು ಡೆಮೊಕ್ಕೆ ಸಿಕ್ಕಿಬಿದ್ದೆ. ಬೆಂಗಳೂರಿನ ಒಂದು ಸಣ್ಣ ಕಂಪನಿಯವರು ಬಯಲುಸೀಮೆಯ ಹಳ್ಳಿಯಲ್ಲಿ ನಿಧಿ ಹುಡುಕುವ ಗೇಮ್ ಮಾಡುತ್ತಿದ್ದೇವೆಂದು ಇಂಟರ್ನೆಟ್ಟಿನಲ್ಲಿ ಒಂದು ವಿಡಿಯೋ ಹಾಕಿದ್ದರು. ಅದರಲ್ಲಿ ತೆಂಗಿನ ತೋಟವಿತ್ತು. ತೆಂಗಿನ ಮರಗಳೋ ಸಮುದ್ರದ ದಡದಲ್ಲಿ ಗಾಳಿ ಕುಡಿದು ಬಾಗಿದವು. ನನಗೆ ಮೈ ಉರಿಯಿತು. ‘ಇವು ಬೀಚಿನ ಮರಗಳು. ನಮ್ಮ ಕಡೆ ಮರಗಳು ನೆಟ್ಟಗೆ ನಿಲ್ಲುತ್ತವೆ. ಕೆಳಗೆ ಮರಳು ಇರುವುದಿಲ್ಲ, ಒಣಗಿದ ಗರಿ, ಮಟ್ಟೆ, ಸಗಣಿ ಇರುತ್ತವೆ. ತಿಪಟೂರಿಗೆ ಬಂದು ನೋಡಿ’ ಎಂದು ಕೆಳಗೆ ಬರೆದೆ. ಬರೆದು ಮರೆತೂಬಿಟ್ಟಿದ್ದೆ. ಮಾರನೆಯ ವಾರ ಪ್ರಣವ್ ಎಂಬ ಹುಡುಗ ಫೋನ್ ಮಾಡಿದ. “ಮೇಡಂ, ಬರಬಹುದಾ? ನಮಗೆ ಅಥೆಂಟಿಕ್ ತೋಟ ಬೇಕು” ಎಂದ. ಬಿಳಿಗೆರೆಯ ಹತ್ತಿರ ನಮ್ಮಪ್ಪನ ತೋಟವಿದೆಯಲ್ಲ, ನನಗೂ ಹೆಮ್ಮೆ. ಬನ್ನಿ ಅಂದೆ.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅಪ್ಪನಿಗೆ ತೋಟದೊಳಗೆ ಕಾಲಿಟ್ಟವರೆಲ್ಲ ಕಳ್ಳರೇ. ಎಲೆ ಅಲುಗಿದರೆ ಸಾಕು, “ಯಾರ್ಲಾ ಅದು?” ಎಂದು ಒಂದು ಕೂಗು. ಅವ್ವ ಬುತ್ತಿ ತಂದರೂ “ಯಾರ್ಲಾ ಅದು?” ನಾನು ತಿಪಟೂರಿನಿಂದ ಬಸ್ಸಿಳಿದು ತೋಟದ ಕಾಲುದಾರಿಯಲ್ಲಿ ಬಂದರೂ ಅದೇ ಕೂಗು. “ನಾನು ಕಣಪ್ಪೋ” ಎಂದ ಮೇಲೆಯೇ ಮುಂದಿನ ಮಾತು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಮರದ ತಲೆ ನೋಡಿ, ಕಾಯಿ ಕಡಿಮೆ ಬಿಟ್ಟ ಮರಕ್ಕೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಪಟಾಪಟಿ ಚಡ್ಡಿ, ತೂತು ಬನಿಯನ್ನು, ತಲೆಗೊಂದು ಟವೆಲ್ಲು. ಇವನ ಮುಂದೆ ಪ್ರಣವ್ ಜುಟ್ಟು ಕಟ್ಟಿಕೊಂಡು, ಒಂದು ಕಿವಿಗೆ ರಿಂಗು ಹಾಕಿಕೊಂಡು, ಕ್ಯಾಮೆರಾದ ತಂಡದೊಂದಿಗೆ ಬಂದು ನಿಂತ. ಅಪ್ಪ ಇವರನ್ನು ತೋಟಗಾರಿಕೆ ಇಲಾಖೆಯವರೆಂದೇ ತಿಳಿದ. ನಾನು ಎಷ್ಟು ಹೇಳಿದರೂ ಕೇಳದೆ, ನೇರ ಕಾಂಡ ಸೋರುವ ರೋಗ ಬಂದಿದ್ದ ಮರದ ಹತ್ತಿರ ಕರೆದುಕೊಂಡು ಹೋದ. ಕೆಂಪು ರಸ ಇಳಿದು ಕಪ್ಪಾಗಿದ್ದ ಆ ತೊಗಟೆಯನ್ನು ಕಂಡದ್ದೇ ಹುಡುಗರೆಲ್ಲ “ವಾಹ್, ಸೂಪರ್ ಟೆಕ್ಸ್ಚರ್!” ಎಂದು ಮುತ್ತಿಕೊಂಡರು. ಸುತ್ತಲೂ ತಿರುಗಿ ತಿರುಗಿ ಫೋಟೊ ತೆಗೆದರು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಇಷ್ಟು ಆಸ್ಥೆಯಿಂದ ನೋಡೋ ಡಾಕ್ಟ್ರನ್ನ ನಾನು ಕಂಡೇ ಇಲ್ಲ ಕಣವ್ವ. ಔಷ್ದಿ ಏನು ಕೊಡ್ತಾರಂತೆ ಕೇಳು” ಎಂದ.

ಮಧ್ಯಾಹ್ನದ ಹೊತ್ತಿಗೆ ಅವರ ಕಣ್ಣು ಅಪ್ಪನ ಮೇಲೆ ಬಿತ್ತು. “ಸರ್, ನಿಮ್ಮನ್ನೂ ಸ್ಕ್ಯಾನ್ ಮಾಡಬಹುದಾ? ನೀವು ನಡೆಯೋದು, ತಿರುಗೋದು, ಮಾತಾಡೋದು ಎಲ್ಲ ಹಾಗೇ ಗೇಮಲ್ಲಿ ಬರುತ್ತೆ” ಎಂದ ಪ್ರಣವ್. ಅಪ್ಪ ತೋಟದಂಚಿನ ಮನೆಯೊಳಗೆ ಹೋದವನು ಮದುವೆಗೆ ಹೊರಟವನ ಹಾಗೆ ಬಿಳಿ ಪಂಚೆ, ಇಸ್ತ್ರಿ ಅಂಗಿ ಹಾಕಿಕೊಂಡು, ಮೀಸೆ ತಿದ್ದಿಕೊಂಡು ಹೊರಗೆ ಬಂದ. ಅವರು ಕೈಮುಗಿದು, ಕಾಲು ಹಿಡಿಯುವುದೊಂದು ಬಾಕಿ, ಮತ್ತೆ ಚಡ್ಡಿ ಬನಿಯನ್ನಿಗೆ ತಂದರು. ಅದೂ ಆದ ಮೇಲೆ ನಡಿಗೆ ಹಿಡಿಯಲು ಮೈಗಂಟುವ ಕರಿ ಉಡುಪು ತೊಡಿಸಿದರು. ಅದರ ಮೇಲೆ ಅಲ್ಲಲ್ಲಿ ಬೆಂಕಿಪೊಟ್ಟಣದಂಥ ಪೆಟ್ಟಿಗೆಗಳು. ಅವ್ವ ಜಗಲಿಯ ಮೇಲೆ ಕುಸಿದು ಕೂತು ನಕ್ಕಳು ನೋಡಿ, ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. “ಹೊರ್ಗಡೆ ಹೋಗ್ಬ್ಯಾಡ, ಹಸ ಹಗ್ಗ ಕಿತ್ಕಂಡು ಓಡ್ತದೆ” ಎಂದಳು. ಅಪ್ಪ ಅವಳ ಕಡೆ ತಿರುಗಿಯೂ ನೋಡದೆ ಗಂಭೀರವಾಗಿ ನಡೆದ. ನಿಂತ. ಮರದ ತಲೆ ನೋಡಿದ. “ಯಾರ್ಲಾ ಅದು?” ಎಂದ. ಅವರು ಇನ್ನೊಂದು ಸಲ ಅಂದರೆ ಇನ್ನೊಂದು ಸಲ. ಹೊರಡುವಾಗ ಅಪ್ಪ ಪ್ರಣವನನ್ನು ಕೇಳಿದ, “ಅಲ್ಲಪ್ಪ, ಆಟದಾಗೆ ನಂದೇನು ಕೆಲ್ಸ?” ಆ ಹುಡುಗ ಎದೆ ಮುಟ್ಟಿಕೊಂಡು, “ಸರ್, ನೀವಿಲ್ಲದೆ ತೋಟಾನೇ ಇಲ್ಲ” ಎಂದ. ಆ ಮಾತು ಅಪ್ಪನಿಗೆ ನಾಟಿಬಿಟ್ಟಿತು.

ಕೆಲವು ತಿಂಗಳಾದ ಮೇಲೆ ಡೆಮೊ ಬಂತು. ಅಪ್ಪ ಅವ್ವ ಇಬ್ಬರನ್ನೂ ತಿಪಟೂರಿನ ನಮ್ಮ ಮನೆಗೆ ಕರೆಸಿಕೊಂಡು ಟಿ.ವಿ.ಯಲ್ಲಿ ಹಾಕಿದೆ. ಬೆಳಗಿನ ಬಿಸಿಲು ಗರಿಗಳ ಸಂದಿಯಿಂದ ಸೀಳಿಕೊಂಡು ಇಳಿಯುತ್ತಿತ್ತು. ಬಿದ್ದ ಮಟ್ಟೆಯ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಕಾಲುವೆಯ ನೀರು ನಿಜವಾಗಿ ಹರಿದಂತೆ, ಅದರೊಳಗೆ ಮರದ ನೆರಳು ನಡುಗಿದಂತೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, “ಯಾರ ತೋಟ ಇದು? ಭೇಷಾಗಿ ಇಟ್ಟವ್ನೆ” ಎಂದ. “ನಿಂದೇ ಕಣಪ್ಪ” ಎಂದೆ. ಅಷ್ಟರಲ್ಲಿ ಮರಗಳ ನಡುವೆ ಒಬ್ಬ ಮುದುಕ ನಮಗೆ ಬೆನ್ನು ಹಾಕಿಕೊಂಡು ನಡೆದು ಹೋಗುತ್ತಿದ್ದ. ಟವೆಲ್ಲು, ತೂತು ಬನಿಯನ್ನು, ಎಳೆಯುವ ಎಡಗಾಲು. ಕ್ಯಾಮೆರಾ ಹತ್ತಿರ ಹೋದಂತೆ ಹೆಜ್ಜೆ ನಿಲ್ಲಿಸಿ ತಿರುಗಿದ. ಮುಖದ ಒಂದೊಂದು ಸುಕ್ಕೂ, ಗಲ್ಲದ ಮೇಲಿನ ಬಿಳಿ ಗಡ್ಡದ ಕೂಳೆಯೂ ಕಾಣುತ್ತಿತ್ತು. “ಯಾರ್ಲಾ ಅದು?” ಎಂದು ಬಿಸಿಲಿಗೆ ಅಡ್ಡವಾಗಿ ಕೈ ಎತ್ತಿ ನೋಡಿದ. ಅಲ್ಲಿಗೆ ಪರದೆ ಕಪ್ಪಾಗಿ ಕಂಪನಿಯ ಹೆಸರು ಬಂತು. ಅಪ್ಪ ತನ್ನ ಗಲ್ಲ ಸವರಿಕೊಂಡ. ಆಮೇಲೆ, “ಇಷ್ಟು ಮುದುಕ ಆಗೋಗಿದೀನಾ?” ಎಂದು ಅವ್ವನನ್ನು ಕೇಳಿದ. ಅವ್ವ, “ಊಂ ಮತ್ತೆ, ಕನ್ನಡಿ ನೋಡ್ಕಂಡಿದ್ರೆ ಗೊತ್ತಾಗ್ತಿತ್ತು” ಎಂದಳು.

ಬೇಜಾರು ಅಲ್ಲಿಗೇ ಮುಗಿಯಿತು, ಹೆಮ್ಮೆ ಶುರುವಾಯಿತು. ಬಿಳಿಗೆರೆಯ ಕ್ಷೌರದಂಗಡಿಯಲ್ಲಿ, ಕೊಬ್ಬರಿ ಹಾಕಲು ಹೋದಾಗ ತಿಪಟೂರಿನ ಮಾರುಕಟ್ಟೆಯಲ್ಲಿ, ಅವ್ವನ ತವರು ಹಂದನಕೆರೆಯ ನೆಂಟರ ಮನೆಯಲ್ಲಿ, ಎಲ್ಲ ಕಡೆ ಅಪ್ಪ, “ನಾನು ಗೇಮಿನಾಗೆ ಬತ್ತೀನಿ” ಎಂದು ಹೇಳಿಕೊಂಡು ಬಂದ. ತೋರಿಸಿದ್ದು ಬರೀ ಸ್ಯಾಂಪಲ್ಲು, ಪೂರ್ತಿ ಆಟದಲ್ಲಿ ತಾನು ನಿಧಿ ಕಾಯುವವನೋ, ನಿಧಿಯ ದಾರಿ ಹೇಳಿಕೊಡುವವನೋ ಆಗಿರುತ್ತೇನೆಂದು ಅವನೇ ಕಥೆ ಕಟ್ಟಿಕೊಂಡಿದ್ದ. ಗೇಮ್ ಮಾತ್ರ ಬರಲಿಲ್ಲ. ‘ಗುಣಮಟ್ಟದ ದೃಷ್ಟಿಯಿಂದ ಮುಂದೂಡಲಾಗಿದೆ’ ಎಂದು ಕಂಪನಿಯವರು ಒಂದು ಸಲ ಹಾಕಿದರು. ಇನ್ನೊಂದು ಸಲ ‘ನಿಮ್ಮ ತಾಳ್ಮೆಗೆ ಋಣಿ’ ಎಂದು ಹಾಕಿದರು. ಅಪ್ಪ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, “ಬಂತಾ?” ನಾನು ಚೆನ್ನಾಗಿದ್ದೇನೆಯೋ ಇಲ್ಲವೋ ಅನ್ನುವುದು ಎರಡನೆಯ ಪ್ರಶ್ನೆ, ಅದೂ ನೆನಪಾದರೆ. “ಇನ್ನೂ ಇಲ್ಲ ಕಣಪ್ಪ” ಎಂದರೆ, “ಬುಡು, ಚೆನ್ನಾಗಿ ಮಾಡ್ಲಿ. ಅರ್ಜೆಂಟು ಮಾಡಿದ್ರೆ ಕೆಟ್ಟೋಯ್ತದೆ” ಎಂದು ಕಂಪನಿಯ ಪರವಾಗಿ ನನಗೇ ಸಮಾಧಾನ ಹೇಳುತ್ತಿದ್ದ.

ಗೇಮ್ ಬರುವ ಮೊದಲು ಅಪ್ಪ ಹೋದ. ಅದರಲ್ಲಿ ವಿಸ್ತರಿಸಿ ಹೇಳುವಂಥದ್ದೇನಿಲ್ಲ. ಬೆಳಗ್ಗೆ ಮೋಟಾರು ಹಾಕಲು ಹೋದವನು ಎದೆ ಹಿಡಿದುಕೊಂಡು ಕೂತನಂತೆ. ಪಕ್ಕದ ತೋಟದವರು ನೋಡಿ ಕಾರಿಗೆ ಹಾಕಿಕೊಂಡು ಹೊರಟರು. ತಿಪಟೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ತಿಥಿಯ ದಿನ ಕ್ಷೌರದಂಗಡಿಯವನು ಎಲೆಯ ಮುಂದೆ ಕೂತು, ನಾನು ಪಾಯಸ ಬಡಿಸುತ್ತ ಬಂದಾಗ, “ಅಕ್ಕಾ, ಆ ಗೇಮು ಬಂತಾ? ಯಜಮಾನ್ರು ನೋಡ್ಕಂಡು ಹೋದ್ರಾ?” ಎಂದು ಕೇಳಿದ. ಇಲ್ಲ ಎಂದೆ. “ಥೂ, ಪಾಪ. ನನಗೂ ತೋರಿಸ್ತೀನಿ ಅಂದಿದ್ರು” ಎಂದು ನಿಟ್ಟುಸಿರು ಬಿಟ್ಟು, ಇನ್ನೊಂದು ಸೌಟು ಹಾಕಿಸಿಕೊಂಡ. ಸಾವಿನ ಮನೆಗೆ ಬಂದವರಲ್ಲಿ ನಿಜವಾಗಿ ನೊಂದುಕೊಂಡವನು ಅವನೊಬ್ಬನೇ ಎಂದು ನನಗೆ ಆಗ ಅನ್ನಿಸಿತು. ಉಳಿದವರು ತೋಟ ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆಂದು ನೊಂದುಕೊಳ್ಳುತ್ತಿದ್ದರು.

ಆಮೇಲೆ ನಾನು ಆ ಡೆಮೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಪ್ಪ ಬೆನ್ನು ಹಾಕಿ ನಡೆಯುತ್ತಾನೆ, ತಿರುಗುತ್ತಾನೆ, ಕೈ ಎತ್ತುತ್ತಾನೆ, ಪರದೆ ಕಪ್ಪಾಗುತ್ತದೆ. ಕೈ ಎತ್ತಿ ನೋಡಿದ ಮೇಲೆ ಏನು ಮಾಡುತ್ತಾನೆ? ಕೈ ಇಳಿಸುತ್ತಾನೋ, ಗುರುತು ಹಿಡಿಯುತ್ತಾನೋ, ಮತ್ತೆ ಮರಗಳ ನಡುವೆ ಹೊರಟುಹೋಗುತ್ತಾನೋ? ನೋಡುವ ನನಗೆ ಅಲ್ಲಿ ಏನೂ ಮಾಡುವ ಹಾಗಿಲ್ಲ. ಆದರೆ ಗೇಮ್ ಬಂದರೆ ಹಾಗಲ್ಲ. ಗೇಮಿನಲ್ಲಿ ನಾನೇ ನಡೆದು ಹತ್ತಿರ ಹೋಗಬಹುದು. ಎಷ್ಟು ಹೊತ್ತು ಬೇಕಾದರೂ ಎದುರಿಗೆ ನಿಲ್ಲಬಹುದು. ಪಕ್ಕದಲ್ಲಿ ನಡೆಯಬಹುದು. ಇಷ್ಟು ವರ್ಷ ಈ ಆಟಗಳನ್ನು ಆಡಿ, ಯಾವ ಡೆಮೊವನ್ನೂ ನಂಬಬಾರದೆಂದು ಊರಿಗೆಲ್ಲ ಉಪದೇಶ ಮಾಡಿದ ಲೈಬ್ರರಿಯಮ್ಮ ಕೊನೆಗೆ ಕಾಯುತ್ತ ಕೂತಳು. ಅವ್ವನೂ ಕೇಳುತ್ತಿದ್ದಳು, “ಬಂದಾಗ ಹೇಳೇ. ಒಂದ್ಸಲ ನೋಡ್ಬೇಕು.”

ಕೊನೆಗೂ ಬಂತು. ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಓಡುವುದಿಲ್ಲವೆಂದು ಗೊತ್ತಾದಾಗ ನಮ್ಮವರು, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳದೆ ಸೀರೆ ತಂದವರಲ್ಲ, ಕೇಳದೆಯೇ ಹೊಸ ಪೆಟ್ಟಿಗೆ ತಂದರು. ಭಾನುವಾರ ಬೆಳಗ್ಗೆ ಅವ್ವನನ್ನು ಬಿಳಿಗೆರೆಯಿಂದ ಕರೆದುಕೊಂಡು ಬಂದದ್ದೂ ಅವರೇ. ತಿಂಡಿ ಮುಗಿಸಿ ಮೂವರೂ ಟಿ.ವಿ. ಮುಂದೆ ಕೂತೆವು. ಒಂದು ಹಳ್ಳಿ ಬಂತು, ಒಂದು ಕಥೆ ಬಂತು, ಯಾವುದನ್ನೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತೋಟ ಬಂತು.

ಬಿಸಿಲು ಟ್ಯೂಬ್‌ಲೈಟಿನ ಬೆಳಕಾಗಿತ್ತು. ಕಾಲುವೆಯ ನೀರಿಗೆ ನೀಲಿ ಪ್ಲಾಸ್ಟಿಕ್ ಹಾಸಿದಂತಿತ್ತು. ಇರುವೆ ಗಿರುವೆ ಏನೂ ಇಲ್ಲ. ಗರಿಗಳು ದೂರದಿಂದ ಗರಿಯ ಹಾಗೆ ಕಂಡು, ಹತ್ತಿರ ಹೋದರೆ ರಟ್ಟಿನ ಹಾಗೆ ಕಂಡವು. ಅವ್ವ ಇದ್ದಕ್ಕಿದ್ದಂತೆ, “ಅಯ್ಯೋ ಶಿವನೇ!” ಎಂದಳು. “ಏನವ್ವಾ?” “ಎಲ್ಲಾ ಮರಕ್ಕೂ ಹಬ್ಬಿಸ್ಬುಟ್ಟವ್ರಲ್ಲೇ!” ನೋಡಿದರೆ ನಿಜ. ಕಂಪನಿಯವರು ಅಪ್ಪ ತೋರಿಸಿದ್ದ ಆ ಒಂದೇ ಮರವನ್ನು ಉಳಿಸಿಕೊಂಡು ಅದನ್ನೇ ತೋಟದ ತುಂಬ ನೆಟ್ಟಿದ್ದರು. ಒಂದೊಂದು ಮರದ ಮೇಲೂ ಅದೇ ಎತ್ತರದಲ್ಲಿ, ಅದೇ ಕಡೆ, ಕಪ್ಪಗೆ ಇಳಿದ ಅದೇ ರಸ. ಇಡೀ ತೋಟಕ್ಕೆ ಕಾಂಡ ಸೋರುವ ರೋಗ. ಅಪ್ಪ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಮರಗಳ ಹಿಂದಿನಿಂದ ಅಪ್ಪ ಬಂದ. ಅಪ್ಪ ಎಂದು ನಾನು ಹೇಳಬೇಕು, ಇಲ್ಲದಿದ್ದರೆ ನಿಮಗೆ ತಿಳಿಯುವುದಿಲ್ಲ. ಮುಖಕ್ಕೆ ಮೇಣ ಬಳಿದು ಒರೆಸಿದಂತಿತ್ತು, ಒಂದು ಸುಕ್ಕೂ ಇಲ್ಲ. ಮೀಸೆ ಅಂಟಿಸಿದ ಸ್ಟಿಕ್ಕರು. ಎಡಗಾಲು ಎಳೆಯುತ್ತಿರಲಿಲ್ಲ, ಹೋಂಗಾರ್ಡಿನವರ ಹಾಗೆ ನೆಟ್ಟಗೆ ಹೆಜ್ಜೆ. ಮರದ ತಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಹತ್ತಿರ ಹೋದೆ. ಅವನು ತಿರುಗಿದ. “ನಿಲ್ಲು! ಯಾರು ನೀನು? ಈ ತೋಟಕ್ಕೆ ಕಾಲಿಡಲು ನಿನಗೆಷ್ಟು ಧೈರ್ಯ?” ಎಂದು ಯಾರದೋ ದನಿ. ನಾನು ಟಿ.ವಿ. ಮುಂದೆ ಕೂತು ನಾಚಿಕೆಯಿಲ್ಲದೆ, “ನಾನು ಕಣಪ್ಪೋ” ಎಂದೆ. ಅವ್ವ ನನ್ನ ಮುಖ ನೋಡಿದಳು. “ಇದ್ಯಾರೇ ಇವ್ನು, ಕಂಪ್ನಿ ನಾಟ್ಕದೋನ ಥರಾ ಮಾತಾಡ್ತಾನೆ?” ಎಂದಳು. ಅಪ್ಪ ಕೈಯಲ್ಲಿದ್ದ ದೊಣ್ಣೆ ಎತ್ತಿ ನನಗೆ ಬಾರಿಸಿದ. ನಾನು ಸತ್ತೆ. ಪರದೆಯ ಮೇಲೆ ‘ಕಾವಲುಗಾರನನ್ನು ಹೊಡೆದುರುಳಿಸಿ ಮುಂದೆ ಸಾಗಿ’ ಎಂದು ಬಂತು.

ಇಷ್ಟೇ ಅಪ್ಪನ ಪಾತ್ರ. ನಿಧಿಯ ದಾರಿಗೆ ಅಡ್ಡ ಬರುವ ಮುದುಕ, ಅವನನ್ನು ಹೊಡೆದು ಬೀಳಿಸಬೇಕು. ಅವನಿಲ್ಲದೆ ತೋಟವಿಲ್ಲ ಎಂದು ಪ್ರಣವ್ ಹೇಳಿದ್ದು ಸುಳ್ಳಲ್ಲ, ಅವನು ಬೀಳದೆ ತೋಟ ದಾಟುವ ಹಾಗೇ ಇರಲಿಲ್ಲ. ಅದೂ ಒಬ್ಬನಲ್ಲ. ಆಟ ಮತ್ತೆ ಶುರುವಾದಾಗ ಆಚೆ ಸಾಲಿನಿಂದ ಇನ್ನೊಬ್ಬ ಅಪ್ಪ ಬಂದ, ತಲೆಗೆ ಕೆಂಪು ಟವೆಲ್ಲು. ಪಂಪ್‌ಹೌಸಿನ ಮಗ್ಗುಲಿಂದ ಮತ್ತೊಬ್ಬ, ಹಸಿರು ಟವೆಲ್ಲು. ಒಬ್ಬನ ಎದುರಿಗೆ ಒಬ್ಬ ಬಂದು “ನಿಲ್ಲು! ಯಾರು ನೀನು?” ಎಂದು ಕೇಳಿಕೊಂಡು, ಉತ್ತರ ಬಾರದೆ ತಮ್ಮ ತಮ್ಮ ದಾರಿ ಹಿಡಿದರು. ಅವ್ವ, “ಒಬ್ಬನ್ನ ಸುಧಾರಿಸೋದ್ರೊಳ್ಗೇ ನಂಗೆ ಸಾಕಾಗೋಗಿತ್ತು” ಎಂದಳು. ಅವಳ ದನಿಯಲ್ಲಿ ನಗು ಇತ್ತೋ ಏನೋ, ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಾನು ಕಂಟ್ರೋಲರ್ ಹಿಡಿದು ಕೂತೇ ಇದ್ದೆ. ರಾಕ್ಷಸರನ್ನು, ಡ್ರ್ಯಾಗನ್‌ಗಳನ್ನು, ಬೇರೆ ಗ್ರಹದವರನ್ನು ರಾಶಿ ರಾಶಿ ಕೊಂದ ಬೆರಳು ಒಂದು ಗುಂಡಿ ಒತ್ತಲು ಒಪ್ಪಲಿಲ್ಲ. “ಹೊಡ್ದು ಮುಂದಕ್ಕೆ ಹೋಗೇ, ಮುಂದೆ ಏನಾರಾ ಚೆನ್ನಾಗಿರಬೌದು” ಎಂದು ನಮ್ಮವರು ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿ, ನನ್ನ ಕೈಯಿಂದ ಕಂಟ್ರೋಲರ್ ಇಸಕೊಂಡರು. ಆ ವಸ್ತುವನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ, ಯಾವ ಗುಂಡಿ ಯಾವುದಕ್ಕೆ ಎಂದೂ ಗೊತ್ತಿಲ್ಲ. ಆದರೂ ಮೊದಲನೆಯ ಏಟಿಗೇ ಮಾವನ ನೆತ್ತಿಗೆ ಸರಿಯಾಗಿ ಬಿತ್ತು.

ಅಪ್ಪ ಬಿದ್ದ. ಬಿದ್ದವನು ಸುಮ್ಮನೆ ಬಿದ್ದಿದ್ದರೂ ಆಗುತ್ತಿತ್ತು. ಗೇಮಿನಲ್ಲಿ ಏನೋ ದೋಷ, ಅರ್ಧ ದೇಹ ನೆಲದೊಳಗೆ ಹೂತುಹೋಗಿ, ಕಾಲೆರಡೂ ಮೇಲೆ ನಿಂತು, ಕರೆಂಟು ಹೊಡೆದಂತೆ ಪಟಪಟ ಅದುರತೊಡಗಿದವು. ನಿಲ್ಲಲೇ ಇಲ್ಲ. ನಮ್ಮವರು ಗಾಬರಿಯಾಗಿ ಸಿಕ್ಕ ಸಿಕ್ಕ ಗುಂಡಿ ಒತ್ತಿದರು. ಒತ್ತಿದಷ್ಟೂ ನೆಲದಲ್ಲಿ ಹೂತ ಅಪ್ಪನಿಗೆ ಇನ್ನಷ್ಟು ಏಟು ಬಿತ್ತು. ಅವ್ವ ಎದ್ದು, “ಅಳಿಯಂದ್ರೇ, ಸಾಕು ಬುಡಿ” ಎಂದು ಅಡುಗೆಮನೆಗೆ ಹೋದಳು. ನಾನು ಟಿ.ವಿ. ತಂತಿಯನ್ನೇ ಗೋಡೆಯಿಂದ ಕಿತ್ತೆ. ನಮ್ಮವರು ಆ ದಿನ ಪೂರ್ತಿ ತಪ್ಪು ಮಾಡಿದ ಹುಡುಗನ ಹಾಗೆ ಮನೆಯೊಳಗೆ ಓಡಾಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ, “ಅತ್ತೆ, ನಾನು ಬೇಕಂತ ಹೊಡೀಲಿಲ್ಲ” ಎಂದರು. ಅವ್ವ ಸಾರು ಬಡಿಸುತ್ತ, “ಗೊತ್ತು ಬುಡಿ. ಆವಪ್ಪನೂ ನಿಮಗೇನು ಕಮ್ಮಿ ಅಂದಿದ್ನಾ” ಎಂದಳು. ಅದು ಕ್ಷಮೆಯೋ ಆರೋಪವೋ ತಿಳಿಯದೆ ಅವರು ಎರಡನೆಯ ಸಲ ಅನ್ನವನ್ನೇ ಹಾಕಿಸಿಕೊಳ್ಳಲಿಲ್ಲ.

ಸಿಟ್ಟು ಇಳಿಯದೆ ಪ್ರಣವ್‌ಗೆ ಫೋನ್ ಮಾಡಿದೆ. ಆ ಕಂಪನಿಯನ್ನು ಅವನು ಬಿಟ್ಟು ಬಹಳ ದಿನವಾಗಿತ್ತಂತೆ. ನನ್ನ ಮಾತನ್ನು ಕೊನೆಯವರೆಗೂ ಕೇಳಿದ. “ಸಾರಿ ಮೇಡಂ” ಎಂದ. “ಡೆಮೊ ಮಾಡಿದ್ದು ನಾವು ನಾಲ್ಕೇ ಜನ, ದುಡ್ಡು ಹಾಕೋರಿಗೆ ತೋರಿಸೋಕೆ. ಗೇಮ್ ಮಾಡಿದ್ದು ಬೇರೆ ಟೀಮು. ನಮ್ಮ ಕೆಲಸದಲ್ಲಿ ಒಂದು ಮರ ಬಿಟ್ಟು ಏನೂ ಅವರಿಗೆ ಉಪಯೋಗಕ್ಕೆ ಬರಲಿಲ್ಲ. ಮನೆಗಳಲ್ಲಿರೋ ಮೆಷಿನ್‌ಗೆ ಎಲ್ಲಾ ತುಂಬಾ ಭಾರ ಆಗ್ತಿತ್ತು.” ನಾನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ, “ಡೆಮೊದಲ್ಲಿ ಅಪ್ಪ ಕೈ ಎತ್ತಿ ನೋಡ್ತಾನಲ್ಲ, ಅಲ್ಲಿಂದ ಮುಂದೆ ಏನು ಮಾಡ್ತಿದ್ದ?” ಅವನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಮುಂದೆ ಏನೂ ಇರಲಿಲ್ಲ ಮೇಡಂ. ಕ್ಯಾಮೆರಾಗೆ ಎಷ್ಟು ಕಾಣುತ್ತೋ ಅಷ್ಟೇ ಮಾಡಿದ್ವಿ. ಆ ಮರಗಳಿಗೂ ಹಿಂದುಗಡೆ ಇರಲಿಲ್ಲ.” ತೋಟದಲ್ಲಿ ಅಪ್ಪ ಅಷ್ಟು ಸಲ ನಡೆದದ್ದು, ಮಾತಾಡಿದ್ದು ಎಲ್ಲಾದರೂ ಇದೆಯೇ ಎಂದೆ. ಅದು ಕಂಪನಿಯ ಸ್ವತ್ತು, ಇದ್ದರೂ ಇರಬಹುದು, ಅಳಿಸಿದ್ದರೂ ಇರಬಹುದು ಎಂದ. ಆಮೇಲೆ ತಾನೇ, “ಸರ್ ಹೇಗಿದ್ದಾರೆ?” ಎಂದು ಕೇಳಿದ. ನಾನು ಇಷ್ಟು ಹೊತ್ತು ಬಯ್ದದ್ದರಲ್ಲಿ ಅದೊಂದನ್ನೇ ಹೇಳಲು ಮರೆತಿದ್ದೆ. “ಚೆನ್ನಾಗಿದ್ದಾರೆ” ಎಂದುಬಿಟ್ಟೆ. ಯಾಕೆ ಹಾಗೆಂದೆನೋ. ಬಹುಶಃ ಅಪ್ಪ ಹೋದ ಸುದ್ದಿಯನ್ನು ಆ ಹುಡುಗನ ಮೇಲೆ ಎಸೆಯುವಷ್ಟು ಸಿಟ್ಟು ಆ ಹೊತ್ತಿಗೆ ಉಳಿದಿರಲಿಲ್ಲ.

ಮುಂದಿನ ತಿಂಗಳು ಅವ್ವ ಬಂದಾಗ, ಹಪ್ಪಳದ ಹಿಟ್ಟು ನಾದುತ್ತಾ ನಾದುತ್ತಾ, “ಅದನ್ನ ಹಾಕೇ” ಎಂದಳು. “ಯಾವುದನ್ನ?” “ಅದೇ, ನಿಮ್ಮಪ್ಪಂದು. ಹೊಡಿಯೋದು ಬ್ಯಾಡ. ದೂರದಾಗೆ ನಿಂತ್ಕ.” ನಾನು ಡೆಮೊ ಹಾಕಿದೆ. ಅವಳು ತಲೆ ಅಲ್ಲಾಡಿಸಿದಳು, “ಇದಲ್ಲ, ಅದು ನೋಡಿದ್ರೆ ಸಂಕ್ಟ ಆಯ್ತದೆ. ಆ ಇನ್ನೊಂದು.” ಗೇಮ್ ಹಾಕಿ, ತೋಟದ ಬೇಲಿಯ ಹೊರಗೆ ನಿಂತೆ. ಅಷ್ಟು ದೂರದಲ್ಲಿ ನಿಂತರೆ ಕಾವಲುಗಾರರು ನಮಗೇನೂ ಅನ್ನುವುದಿಲ್ಲ, ತಮ್ಮ ಪಾಡಿಗೆ ತಿರುಗುತ್ತಾರೆ. ಅವ್ವ ಹಿಟ್ಟು ನಾದುತ್ತಾ ನೋಡಿದಳು. ಸ್ವಲ್ಪ ಹೊತ್ತಿಗೆ ಹಸಿರು ಟವೆಲ್ಲಿನವನು ಒಂದು ಮರಕ್ಕೆ ಎದೆ ಕೊಟ್ಟು ಸಿಕ್ಕಿಕೊಂಡ. ಮುಂದೆ ಹೋಗಲಾಗದು, ಪಕ್ಕಕ್ಕೂ ಸರಿಯಲೊಲ್ಲ. ಮರಕ್ಕೆ ಮುಖ ಒತ್ತಿಕೊಂಡು ನಡೆದೇ ನಡೆದ. ಅವ್ವನ ಕೈ ನಿಂತಿತು. “ಇವ್ನೇ ಕಣೇ” ಎಂದಳು. “ಎದ್ರಿಗೆ ಮರ ಐತೆ, ಪಕ್ಕಕ್ಕೆ ಹೋಗು ಅಂದ್ರೆ ಕೇಳೋ ಪೈಕಿಯೇ ಅಲ್ಲ.” ಆಮೇಲೆ ಅವಳು ಬಂದಾಗಲೆಲ್ಲ ಇದೇ ಆಯಿತು. ಅವಳು ಹುಣಸೆ ಬಿಡಿಸುತ್ತಾಳೆ, ಅವರೆ ಸುಲಿಯುತ್ತಾಳೆ, ನಾನು ಬೇಲಿಯ ಹೊರಗೆ ನಿಂತಿರುತ್ತೇನೆ. ಅವಳು ಊರಿಗೆ ಹೋದ ಮೇಲೂ ನಾನು ಕೆಲವೊಮ್ಮೆ ಹಾಕಿ ಬಿಟ್ಟಿರುತ್ತೇನೆ. ಅಡುಗೆ ಮಾಡುವಾಗ, ಅವರು ಒಬ್ಬರನ್ನೊಬ್ಬರು ತಡೆದು ಕೇಳುವ ಆ ನಾಟಕದ ದನಿ ಕೇಳಿಸುತ್ತಿರುತ್ತದೆ. ಈಗೀಗ ಅದಕ್ಕೂ ಕಿವಿ ಹೊಂದಿಕೊಂಡಿದೆ.

ಹಾಗೆಂದು ಕಂಪನಿಯನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಗೇಮ್ ಮಾರುವ ತಾಣದಲ್ಲಿ ಕೊಂಡವರು ಅಭಿಪ್ರಾಯ ಬರೆಯಲು ಜಾಗವಿದೆ. ಒಂದು ರಜೆಯ ದಿನ ಕೂತು, ಲೈಬ್ರರಿಯಲ್ಲಿ ಇಷ್ಟು ವರ್ಷ ಕಲಿತ ಕನ್ನಡವನ್ನೆಲ್ಲ ಸುರಿದು ಬರೆದೆ. ತೋರಿಸಿದ್ದೊಂದು ಕೊಟ್ಟದ್ದೊಂದು ಎಂದೆ. ಮರ, ನೀರು, ಬಿಸಿಲು ಒಂದನ್ನೂ ಬಿಡದೆ ಜಾಡಿಸಿದೆ. ಇದು ಆಟವೇ ಅಲ್ಲ, ಯಾರೂ ಕೊಳ್ಳಬೇಡಿ ಎಂದೆ. ಅಪ್ಪನ ವಿಷಯ ಮಾತ್ರ ಬರೆಯಲಿಲ್ಲ. ಮಾರನೆಯ ದಿನ ನೋಡಿದರೆ ಒಬ್ಬ ಹುಡುಗ ಕೆಳಗೆ ಉತ್ತರ ಹಾಕಿದ್ದ. ಅಭಿಪ್ರಾಯ ಬರೆದವರು ಆ ಗೇಮನ್ನು ಒಟ್ಟು ಎಷ್ಟು ಗಂಟೆ ಆಡಿದ್ದಾರೆ, ಎಲ್ಲಿಯವರೆಗೆ ತಲುಪಿದ್ದಾರೆ ಎಂಬುದು ಅವರ ಹೆಸರಿನ ಪಕ್ಕದಲ್ಲೇ ಎಲ್ಲರಿಗೂ ಕಾಣುತ್ತದಂತೆ. ಅದು ನನಗೆ ಗೊತ್ತಿರಲಿಲ್ಲ. ‘ಆಂಟಿ, ಈ ಗೇಮನ್ನು ಮಾಡಿದವರೂ ನಿಮ್ಮಷ್ಟು ಹೊತ್ತು ಆಡಿರಲಿಕ್ಕಿಲ್ಲ. ಇಷ್ಟು ಆಡಿಯೂ ನೀವು ಮೊದಲನೇ ತೋಟವನ್ನೇ ದಾಟಿಲ್ಲ. ಅಲ್ಲಿರುವುದು ಮೂರು ಜನ ಮುದುಕರು, ಎಂಥವರೂ ದಾಟುತ್ತಾರೆ. ತಪ್ಪು ಗೇಮಿನದಲ್ಲ, ನಿಮಗೆ ಆಡಲು ಬರುವುದಿಲ್ಲ’ ಎಂದು ಬರೆದಿದ್ದ.

ಅವನಿಗೆ ತಕ್ಕ ಉತ್ತರ ಕೊಡಬೇಕೆಂದು ಬಹಳ ಹೊತ್ತು ಬರೆದು ಬರೆದು ಅಳಿಸಿದೆ. ಕೊನೆಗೆ ‘ಹೌದಪ್ಪ, ನನಗೆ ಅವರನ್ನು ದಾಟಲು ಬರುವುದಿಲ್ಲ’ ಎಂದಷ್ಟೇ ಹಾಕಿದೆ. ಜನರಿಗೆ ಬಹಳ ಹಿಡಿಸಿದೆ. ದಿನಾ ಯಾರಾದರೊಬ್ಬರು ಬಂದು ಅದರ ಕೆಳಗೆ ‘ತಮಾಷೆಯಾಗಿದೆ’ ಎಂಬ ಗುಂಡಿ ಒತ್ತಿ ಹೋಗುತ್ತಾರೆ.